ಸಾಹೇಬರ ದಾರಿಗೆ ಹಾಕಿದ ಗರಸು

ಯಲಬುರ್ಗಾದ ಎಂಜಿನಿಯರ್ ಸಾಹೇಬರಿಗೆ ನಮಸ್ಕಾರಗಳು.

ನಮ್ಮೂರ ರಸ್ತೆಗೆ ಕೇಂದ್ರದ ಅನುದಾನ ಕೇಳಿ ಪಂಚಾಯತಿಯಿಂದ ಅರ್ಜಿ ಕೊಟ್ಟಿದ್ದೆವು. ದಿಲ್ಲಿಯಿಂದ ಅಧಿಕಾರಿಗಳು ನೋಡಲು ಬರುತ್ತಾರೆಂದು ನೀವೇ ತಿಳಿಸಿದಿರಿ. “ದೂರದಿಂದ ಬರೋ ಮಂದಿ ರೀ ಅಕ್ಕಾರ, ತೆಗ್ಗಿನಾಗ ಹಾಯಿಸಿದ್ರ ನಮ್ಮೂರ ಮರ್ಯಾದಿ ಏನಾಗ್ತೈತಿ?” ಎಂದು ಸದಸ್ಯ ಆದೆಪ್ಪ ಊರವರನ್ನು ಕೂಡಿಸಿ ತೆಗ್ಗುಗಳಿಗೆಲ್ಲ ಗರಸು ಮಣ್ಣು ತುಂಬಿಸಿದ. ನಾನೇ ನೀರು ಹೊಡೆಸಿ ರಂಗೋಲಿ ಹಾಕಿಸಿದೆ. ಬಂದ ಅಧಿಕಾರಿಗಳು ‘ರಸ್ತೆ ಚೆನ್ನಾಗಿದೆ, ಅನುದಾನ ಬೇಕಿಲ್ಲ’ ಎಂದು ಬರೆದುಕೊಂಡು ಹೋದರು.

ಒಂದೇ ಮಳೆಗೆ ಗರಸು ಕೊಚ್ಚಿಹೋಯಿತು. ಆಂಬುಲೆನ್ಸ್ ಈಗಲೂ ಊರೊಳಗೆ ಬರಲಾಗದೆ ಹೊರಗಿನ ಡಾಂಬರು ರಸ್ತೆಯಲ್ಲೇ ನಿಲ್ಲುತ್ತದೆ. ನನ್ನ ಸೊಸೆ ಅನುಸೂಯಾಗೆ ಎಂಟು ತಿಂಗಳು ತುಂಬಿದೆ.

ದಯವಿಟ್ಟು ಆ ಅಧಿಕಾರಿಗಳನ್ನು ಇನ್ನೊಮ್ಮೆ ಕರೆತನ್ನಿ. ಬರುವ ದಿನ ಮಾತ್ರ ನಮಗೆ ತಿಳಿಸಬೇಡಿ. ತಿಳಿದರೆ ನಮ್ಮವರು ಸುಮ್ಮನಿರಲಾರರು, ನಾನೂ ಇರಲಾರೆ.

ನಿಮ್ಮನ್ನೇ ನಂಬಿರುವ,
ಹುಲಿಗವ್ವ
ಗ್ರಾಮ ಪಂಚಾಯತಿ ಅಧ್ಯಕ್ಷೆ