ಬಸ್‌ಸ್ಟ್ಯಾಂಡಿನ ಬಾಯಲ್ಲಿ ನಿಮ್ಮ ಪಾಸ್‌ವರ್ಡ್

ಪ್ರಮಾಣಪತ್ರ ಕೇಂದ್ರಗಳ ಕಂಪ್ಯೂಟರ್ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಸರ್ವರಿನ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ನನಗೆ ಗೊತ್ತು. ಕದ್ದಿಲ್ಲ, ಬೇಡಿಲ್ಲ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಎಸ್‌ಟಿಡಿ ಬೂತ್ ಇಟ್ಟುಕೊಂಡು ಎರಡು ಕಿವಿ ತೆರೆದು ಕೂತದ್ದಷ್ಟೇ ನನ್ನ ಅಪರಾಧ. ಆದರೆ ಪಾಸ್‌ವರ್ಡ್ ಸೋರಿಕೆಗಾಗಿ ಕೆಲಸದಿಂದ ಏಕೆ ತೆಗೆಯಬಾರದೆಂದು ನೀವು ನೋಟಿಸ್ ಕೊಟ್ಟಿರುವುದು ನಮ್ಮೂರ ಕೇಂದ್ರದ ತಾತ್ಕಾಲಿಕ ಆಪರೇಟರ್ ಮಂಜಮ್ಮನಿಗೆ. ಭೇಷ್! ಕೂಗಿಸಿದವರು ನೀವು, ಕಟಕಟೆಗೆ ಅವಳು.

ನಡೆದದ್ದು ಇಷ್ಟು. ಈ 2003ರಲ್ಲಿ ನಮ್ಮೂರಿಗೆ ಸರ್ವರ್ ಬಂದಿದೆ. ಕರೆಂಟ್ ಮಾತ್ರ ಬಂದು ಬಂದು ಹೋಗುತ್ತದೆ. ಹೋಗಿ ಬಂದಾಗಲೆಲ್ಲ ಸರ್ವರಿನ ತಂತ್ರಾಂಶವನ್ನು ಮತ್ತೆ ಚಾಲೂ ಮಾಡಬೇಕು. ಅದು ಏಳುವಾಗ ಒಂದು ಫೋಲ್ಡರಿನಲ್ಲಿ ಏನೇನೋ ಬರೆದುಕೊಳ್ಳುತ್ತದಂತೆ. ಆ ಫೋಲ್ಡರ್ ಅಡ್ಮಿನಿಸ್ಟ್ರೇಟರ್ ಒಡೆತನದ್ದು. ಮಂಜಮ್ಮ ತನ್ನ ಯೂಸರ್ ಹೆಸರಿನಲ್ಲಿ ಚಾಲೂ ಮಾಡಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಹೊರಗೆ ಜಾತಿ ಪ್ರಮಾಣಪತ್ರಕ್ಕೆ ನಿಂತವರು ಕಿಟಕಿ ಬಡಿಯುತ್ತಾರೆ. ಕೇಂದ್ರದ ಫೋನಿಗೆ ಎಸ್‌ಟಿಡಿ ಇಲ್ಲ. ಪಾಪ, ಜಿಲ್ಲಾ ಕಚೇರಿಯಲ್ಲಿರುವ ನಿಮ್ಮನ್ನು ಪಾಸ್‌ವರ್ಡ್ ಕೇಳಲು ಆಕೆ ಓಡೋಡಿ ನನ್ನ ಬೂತಿಗೆ ಬರುತ್ತಾಳೆ.

ಲೈನೋ ಗೊರಗೊರ. ನೀವು ಅತ್ತಲಿಂದ ಒಂದೊಂದೇ ಅಕ್ಷರ ಹೇಳಿ, "ಜೋರಾಗಿ ತಿರುಗಿ ಹೇಳಮ್ಮಾ" ಎನ್ನುತ್ತೀರಿ. ಹೇಳುತ್ತಾಳೆ. ಒಂದು ದಿನ ಕೊಟ್ಟೂರು ಬಸ್ಸಿಗೆ ಕಾಯುತ್ತಿದ್ದ ಹಾಲೇಶಪ್ಪ ಬೆಂಚಿನ ಮೇಲಿಂದಲೇ, "ಯವ್ವಾ, ಕೊನಿಗಿಂದು ಎಂಟು ಬಿಟ್ಟಿ ನೋಡು!" ಎಂದು ತಿದ್ದಿದ. ಭದ್ರತೆಗಾಗಿ ಪ್ರತಿ ತಿಂಗಳೂ ಪಾಸ್‌ವರ್ಡ್ ಬದಲಿಸುತ್ತೀರಿ, ಬಹಳ ಸಂತೋಷ. ಹೊಸದನ್ನೂ ಅದೇ ಬೆಂಚಿನವರು ಬಾಯಿಪಾಠ ಮಾಡುತ್ತಾರೆ. ಕೊನೆಗೆ ನಿಮ್ಮ ತಪಾಸಣೆಯವರು ಬಸ್ಸಿಳಿದಾಗ ಅವರ ಕಿವಿಗೂ ಬಿತ್ತು. ಬಂತು ನೋಟಿಸ್.

ಮಂಜಮ್ಮ ಬಾಯಿ ಮುಚ್ಚಿ ಕೂತವಳಲ್ಲ. ನೋಟಿಸಿಗೂ ಮೊದಲೇ ಮೂರು ಅರ್ಜಿ ಬರೆದಿದ್ದಳು. ಮೂರೂ ನನ್ನ ಬೂತಿನ ಫ್ಯಾಕ್ಸಿನಿಂದಲೇ ಹೋದವು. ಕೇಳಿದ್ದು ಒಂದೇ: ಆ ಒಂದು ಫೋಲ್ಡರಿನ ಒಡೆತನ ನನ್ನ ಯೂಸರ್ ಹೆಸರಿಗೆ ಮಾಡಿಕೊಡಿ, ನಿಮ್ಮ ಪಾಸ್‌ವರ್ಡ್ ನನಗೆ ಬೇಡವೇ ಬೇಡ. ತಾವು ಅಪ್ಪಣೆ ಕೊಡಿಸಿದ ಉತ್ತರ: "ತಾತ್ಕಾಲಿಕ ನೌಕರರಿಗೆ ಯಾವುದೇ ಅಧಿಕಾರ ನೀಡುವ ಪದ್ಧತಿ ಇರುವುದಿಲ್ಲ." ಆಹಾ! ಒಂದು ಕೋಣೆಯ ಕೀಲಿ ಕೇಳಿದವಳಿಗೆ ಇಲ್ಲವೆಂದು, ಇಡೀ ಮನೆಯ ಕೀಲಿಗೊಂಚಲನ್ನು ಸಂತೆಯಲ್ಲಿ ಎಸೆಯುವುದು ಯಾವ ಪದ್ಧತಿ ಸ್ವಾಮಿ? ಆ ಪಾಸ್‌ವರ್ಡ್ ಇದ್ದರೆ ತಾಲೂಕಿನ ದಾಖಲೆಯನ್ನೆಲ್ಲ ಅಳಿಸಬಹುದು. ಆ ಫೋಲ್ಡರ್ ಇದ್ದರೆ ಆ ತಂತ್ರಾಂಶ ಓಡುತ್ತದೆ, ಅಷ್ಟೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ತಿಳಿದದ್ದು ತಮಗೆ ತಿಳಿಯಲಿಲ್ಲವೇ?

ಮಂಜಮ್ಮನ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ದುಡಿದ ಮೊದಲ ಹೆಣ್ಣುಮಗಳು ಆಕೆ. ನೋಟಿಸ್ ಹಿಡಿದು ಬಂದು, "ಕಾಕಾ, ಗುಟ್ಟು ಮಾರ್ಕೊಂಡಾಳ ಅನ್ನೋಹಂಗ ಬರದಾರ. ನಮ್ಮವ್ವಗ ಏನಂತ ಓದಿ ಹೇಳ್ಲಿ?" ಎಂದು ಅತ್ತಳು.

ವಿಚಾರಣೆ ಮುಗಿಯುವವರೆಗೆ ಆಕೆ ಕೇಂದ್ರಕ್ಕೆ ಕಾಲಿಡಬಾರದೆಂದಿರಿ. ಮೊನ್ನೆ ಶನಿವಾರ ಕರೆಂಟ್ ಹೋಗಿ ಬಂತು. ಸರ್ವರ್ ಎಬ್ಬಿಸಲು ಜಿಲ್ಲಾ ಕಚೇರಿಯಿಂದ ಜೀಪಿನಲ್ಲಿ ತಾವೇ ದಯಮಾಡಿಸಿದಿರಿ. ಹನ್ನೊಂದಕ್ಕೆ ಕೇಂದ್ರದಿಂದ ನನ್ನ ಬೂತಿಗೆ ಫೋನ್, ತಮ್ಮದೇ ಧ್ವನಿ: "ಶೇಖಾವಲಿ ಅವರೇ, ಈ ತಿಂಗಳ ಪಾಸ್‌ವರ್ಡ್ ಬರೆದಿಟ್ಟ ಚೀಟಿ ಸಿಗ್ತಿಲ್ಲ. ನಿಮಗೇನಾದರೂ ನೆನಪಿದೆಯಾ?"

ನೆನಪೈತ್ರಿ. ಅಂದು ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ನೋಟಿಸ್ ಹಿಂದಕ್ಕೆ ಪಡೆಯಿರಿ. ಆ ಫೋಲ್ಡರನ್ನು ಮಂಜಮ್ಮನ ಹೆಸರಿಗೆ ಮಾಡಿಕೊಡಿ. ಹಾಗೆ ಮಾಡಿಕೊಡುವುದಕ್ಕೂ ಪಾಸ್‌ವರ್ಡ್ ಬೇಕಲ್ಲ? ಮೊದಲು ಆಕೆಯನ್ನು ಕೆಲಸಕ್ಕೆ ಕರೆಯಿರಿ, ಕುರ್ಚಿಯ ಮೇಲೆ ಕೂರಿಸಿ, ಆಮೇಲೆ ಆಕೆಯನ್ನೇ ಕೇಳಿ.

ಇಂತಿ,
ಸಂಬಳವಿಲ್ಲದೆ ಸರ್ಕಾರದ ಗುಟ್ಟು ಕಾಯುತ್ತಿರುವ
ಶೇಖಾವಲಿ
ಎಸ್‌ಟಿಡಿ ಬೂತ್, ಹರಪನಹಳ್ಳಿ