ತವರಿನ ಡಬ್ಬಿ

ತಳೇಗಾಂವ ದಾಭಾಡೆ, ಪುಣೆ
20 ಜುಲೈ 2025

ಪ್ರೀತಿಯ ಅಂಬಾದಾಸ ಅಣ್ಣನಿಗೆ, ತಂಗಿ ಸೋನಾಲಿಯ ನಮಸ್ಕಾರ.

ನಾಗಪುರದಲ್ಲಿ ನೀನು, ವೈನಿ, ಮಗ ಕುಶಲ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಹಾಲಿಗೆ ಬೆರೆಸುವ ಆ ಕಂಪನಿ ಪುಡಿಯ ಡಬ್ಬಿ ಮಾರಲು ಗಾಡಿ ಮೇಲೆ ಅಂಗಡಿ ಅಂಗಡಿ ಅಲೆಯುವುದನ್ನು ಸ್ವಲ್ಪ ಕಡಿಮೆ ಮಾಡು. ಫೋನ್ ಇರುವಾಗ ಪತ್ರ ಯಾಕೆ ಎಂದು ನಗಬೇಡ. ಫೋನಿನಲ್ಲಿ ನಿನ್ನ ಬಾಯಿಯ ಮುಂದೆ ನಾನು ಎಂದಾದರೂ ಗೆದ್ದಿದ್ದೇನೆಯೇ? ಇಲ್ಲಿ ನಡುವೆ ಬಾಯಿ ಹಾಕಲು ಬರುವುದಿಲ್ಲ, ಪೂರ್ತಿ ಓದು.

ನನ್ನ ಪುಟ್ಟಿಯ ಕುತ್ತಿಗೆ ಕಪ್ಪಾದದ್ದನ್ನು ಹೋದ ಸಲ ಬಂದಾಗ ನೀನೂ ನೋಡಿದ್ದೆ. ಅವಳ ಗಲ್ಲ ಹಿಂಡಿ, "ನಮ್ಮ ಡಬ್ಬಿ ಮೈಗೆ ಹತ್ತೇದ ನೋಡು" ಎಂದಿದ್ದೆ. ನಾನು ಕೊಳೆ ಎಂದುಕೊಂಡು ದಿನಾ ಕಡಲೆಹಿಟ್ಟು ಹಚ್ಚಿ ತಿಕ್ಕಿದೆ. ಹೋಗಲಿಲ್ಲವೆಂದು ಇನ್ನೂ ಜೋರಾಗಿ ತಿಕ್ಕಿದೆ. ಹುಡುಗಿ ಅತ್ತರೆ ಸೋಮಾರಿ ಎಂದು ಬೈದೆ. ಶಾಲೆಯ ಓಟದಲ್ಲಿ ಏದುಸಿರು ಬಂದು ಕುಸಿದು ಕುಳಿತ ಮೇಲೆ ಡಾಕ್ಟರ ಹತ್ತಿರ ಹೋದೆವು. ಅವರು ಕುತ್ತಿಗೆ ನೋಡಿ, ಇದು ಕೊಳೆಯಲ್ಲ, ಒಳಗೆ ಸಕ್ಕರೆಯ ಲೆಕ್ಕ ತಪ್ಪುತ್ತಿರುವ ಗುರುತು ಎಂದರು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಈಗಲೇ ತೂಕ ಇಳಿಸಿದರೆ ಸರಿಹೋದೀತು, ಬಿಟ್ಟರೆ ಸಕ್ಕರೆ ಕಾಯಿಲೆಯೇ ಅಂತೆ. ಹತ್ತು ವರ್ಷದ ಹುಡುಗಿಗೆ, ಅಣ್ಣಾ.

ಮಗುವಿಗೆ ಏನೇನು ಕೊಡುತ್ತೀರಿ ಎಂದು ಡಾಕ್ಟರು ಕೇಳಿದಾಗ, ತವರಿನಿಂದ ಶಕ್ತಿಯ ಪುಡಿ ಬರುತ್ತದೆ ಎಂದು ನಾನೇ ಹೆಮ್ಮೆಯಿಂದ ಹೇಳಿ ಡಬ್ಬಿ ಒಯ್ದು ತೋರಿಸಿದೆ. ಮುಂದೆ ಹಗ್ಗದಾಟ ಆಡುವ ತೆಳ್ಳನೆಯ ಹುಡುಗಿ. ಹಿಂದೆ ಇರುವೆಯಷ್ಟು ಅಕ್ಷರದಲ್ಲಿ ಸಕ್ಕರೆ, ಗ್ಲೂಕೋಸ್ ಸಿರಪ್, ಇನ್ನೇನೋ ನಾಲಿಗೆ ಹೊರಳದ ಹೆಸರು. ಎಲ್ಲ ಒಂದೇ ಜಾತಿ ಎಂದು ಡಾಕ್ಟರು ಬೆರಳಿಟ್ಟು ತೋರಿಸಿದರು. ನಮ್ಮ ಅತ್ತೆ ಮೊದಲಿಂದಲೂ ಬರೀ ಹಾಲು ಕೊಡು ಎನ್ನುತ್ತಿದ್ದರು. ನನ್ನ ತವರಿನದೆಂದು ಹೊಟ್ಟೆಕಿಚ್ಚು ಎಂದುಕೊಂಡು ಹಟಕ್ಕೆ ಒಂದು ಚಮಚ ಹೆಚ್ಚೇ ಹಾಕುತ್ತಿದ್ದೆ. ಅವ್ವ ಇದ್ದಾಗ ನಾಗರ ಪಂಚಮಿಗೆ ಉಂಡಿ ಬರುತ್ತಿತ್ತು, ಅವಳು ಹೋದ ಮೇಲೆ ನಿನ್ನ ಡಬ್ಬಿಗಳು ಬಂದವು. ತವರಿನಿಂದ ಬಂದದ್ದನ್ನು ಚೆಲ್ಲಬಾರದು, ತಳ ಕೆರೆದು ಮುಗಿಸಬೇಕು ಎಂದು ಅವ್ವ ಕಲಿಸಿದ್ದಳು. ಹಾಗೇ ಮುಗಿಸಿದೆ.

ಆ ಕಂಪನಿಯವರನ್ನು ನೆನೆದರೆ ಮೈ ಉರಿಯುತ್ತದೆ. ಶಾಲೆಗೇ ಬಂದು ಪುಕ್ಕಟೆ ಪೊಟ್ಟಣ ಹಂಚಿ ರುಚಿ ಹತ್ತಿಸುತ್ತಾರೆ. ಮಗು ಊದಿಕೊಂಡರೆ ತಾಯಿಯೇ ತಿನ್ನಿಸಿ ಕೆಡಿಸಿದಳು ಎಂದು ಜನ ನನ್ನ ಮುಖ ನೋಡುತ್ತಾರೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅಣ್ಣನಿಗೂ ಗೊತ್ತಿರಲಿಲ್ಲ, ಅವನಿಗೂ ಮೋಸವಾಗಿದೆ ಎಂದು ಇವರಿಗೆ ಹೇಳಿದೆ. ಪುಟ್ಟಿ ಈಗ ಸಂಜೆ ಅಪ್ಪನ ಜೊತೆ ಸ್ಟೇಷನ್ ತನಕ ನಡೆದು, ಲೋಣಾವಳಾ ಲೋಕಲ್ ನೋಡಿ ಬರುತ್ತಾಳೆ. ಆದರೆ ಬರೀ ಹಾಲು ಕೊಟ್ಟಾಗಲೆಲ್ಲ, "ಡಬ್ಬಿ ಬಿಟ್ರ ಮಾಮಾಗ ಸಿಟ್ಟು ಬರೂದಿಲ್ಲೇನ?" ಎಂದು ಕೇಳುತ್ತಾಳೆ. ಇನ್ನು ಕಳಿಸಬೇಡ.

ವೈನಿಗೆ ನಮಸ್ಕಾರ. ಕುಶಲನಿಗೆ ಈ ಸೋದರತ್ತೆಯ ಮುದ್ದು.

ಇಂತಿ ನಿನ್ನ ತಂಗಿ,
ಸೋನಾಲಿ

ತಾ.ಕ.: ಕವರಿಗೆ ಗೋಂದು ಹಚ್ಚುವಷ್ಟರಲ್ಲಿ ವೈನಿಯ ಫೋನ್ ಬಂತು. ಕುಶಲನಿಗೂ ಆ ಪುಡಿ ನಿಲ್ಲಿಸಿರಿ ಎಂದೆ. ಪಾಪ, ಅವರು ಏನೂ ಅರಿಯದೆ ಹೇಳಿದರು: "ನಮ್ಮನ್ಯಾಗ ಆ ಡಬ್ಬಿ ಎಂದೂ ತಗದಿಲ್ಲ ಸೋನಾಲಿ. ಅದರಾಗ ಬರೇ ಸಕ್ಕರಿ ಅದ, ಕುಶಲಗ ಕೊಡಬ್ಯಾಡ ಅಂತ ನಿಮ್ಮಣ್ಣಾರು ಮೊದಲಿಂದ ಅಂತಾರ." ನಿನ್ನ ಮೇಲೆ ಸಿಟ್ಟಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ. ಎಷ್ಟು ನಂಬಿದ್ದೆ ಎಂದು ನಿನಗೆ ತಿಳಿಯಲಿ. ಪಂಚಮಿಗೆ ಬರಿಗೈಯಲ್ಲಿ ಬಾ. ಡಬ್ಬಿ ಯಾಕೆ ಬಿಡಬೇಕೆಂದು ಪುಟ್ಟಿಗೆ ನೀನೇ ಹೇಳು. ನನ್ನ ಬಾಯಿಂದ ಆಗುವುದಿಲ್ಲ.