ಕರೆಗಾತಿಯ ಮೂರನೆಯ ಮೂಗು

ಕಪ್ಪತಗುಡ್ಡ
ಉರಿಮಾಸದ ಇಪ್ಪತ್ತೊಂದು, ೨೨೩೧

ನಾನು ಹುಟ್ಟಲು ಇನ್ನೂ ಇನ್ನೂರು ವರ್ಷ ಬಾಕಿಯಿರುವ ಕಾಲದಲ್ಲಿ ಬದುಕುತ್ತಿರುವವರೇ,

ಮೊದಲು ಮೇಲಿನ ತಾರೀಖಿಗಾಗಿ ಕ್ಷಮೆ ಕೇಳಬೇಕು. ಉರಿಮಾಸ ನಿಮ್ಮ ಪಂಚಾಂಗದಲ್ಲಿಲ್ಲ. ವೈಶಾಖ ಮುಗಿದರೂ ಜ್ಯೇಷ್ಠ ಬರಲೊಲ್ಲದೆ ಬಿಸಿಲು ನಡುದಾರಿಯಲ್ಲೇ ಕೂತುಬಿಡತೊಡಗಿದಾಗ, ನಮ್ಮ ಮುತ್ತಜ್ಜಂದಿರು ಅದಕ್ಕೊಂದು ಹೆಸರಿಟ್ಟು ಹದಿಮೂರನೆಯ ತಿಂಗಳೆಂದು ಒಪ್ಪಿಕೊಂಡರು. ನನ್ನ ಮಾತಿನ ಬಗ್ಗೆಯೂ ಕ್ಷಮೆಯಿರಲಿ. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಕಾಗದಗಳನ್ನು ಓದಿ ಕಲಿತಿದ್ದೇನೆ, ಆದರೂ ನಡುನಡುವೆ ನಮ್ಮ ಪದಗಳು ನುಸುಳುತ್ತವೆ. ಇದನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆಯೆಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದು ಮುಟ್ಟುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಈವರೆಗೆ ಯಾರಿಗೂ ಉತ್ತರ ಬಂದಿಲ್ಲ. ಆದರೂ ಬದುಕಿನಲ್ಲಿ ಒಮ್ಮೆ ಬರೆದು ಹಾಕುವುದು ನಮ್ಮಲ್ಲಿ ರೂಢಿ.

ನನ್ನ ಹೆಸರು ಜಿನ್ನವ್ವ. ಗುಡ್ಡದ ನೆತ್ತಿಯ ಮೇಲಿರುವ ನಮ್ಮ ಊರಿಗೆ ಗಾಳಿಯೇ ಅನ್ನ, ಗಾಳಿಯೇ ಕಂಟಕ. ನೆಲದ ದಾರಿಗಳು ಕೆಂಧೂಳಿನಲ್ಲಿ ಹೂತುಹೋಗಿವೆ. ಜೋಳದ ಬೀಜ, ಔಷಧ, ಮದುಮಕ್ಕಳು, ಎಲ್ಲವೂ ಗಾಳಿದೋಣಿಗಳಲ್ಲಿ ಬರುತ್ತವೆ. ಮೇಲೆ ಹಗುರ ಅನಿಲದ ಚೀಲ, ಕೆಳಗೆ ತೊಟ್ಟಿಲಿನಂಥ ಮರದ ದೋಣಿ, ಪಕ್ಕಕ್ಕೆ ಹಾಯಿಗಳು. ಧೂಳಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಗಾಳಿ ಎದ್ದ ದಿನ ದಿಕ್ಕು ತೋರಿಸುವ ಯಂತ್ರಗಳೆಲ್ಲ ಸುಳ್ಳು ಹೇಳುತ್ತವೆ. ಆಗ ಗೋಪುರದ ಮೇಲೆ ಆಳೆತ್ತರದ ಕಹಳೆಯ ಹಿಂದೆ ಒಬ್ಬಳು ನಿಂತು ಬಾಯಿಂದಲೇ ದಾರಿ ಹೇಳಬೇಕು: ಎಡಕ್ಕೆ ಬನ್ನಿ, ಇಳಿಸಿ, ನಿಲ್ಲಿಸಿ, ಇನ್ನೂ ಮುಂದೆ. ಅವಳಿಗೆ ಕರೆಗಾತಿ ಅನ್ನುತ್ತಾರೆ. ನಾನು ಹದಿನೆಂಟಕ್ಕೇ ಕರೆಗಾತಿಯಾದೆ. ಕಣ್ಣಿಗೆ ಏನೂ ಕಾಣದ ಕೆಂಪು ಕತ್ತಲೆಯಲ್ಲಿ ತೇಲುತ್ತಿರುವವರು ನನ್ನ ಧ್ವನಿ ಹಿಡಿದು ಮನೆಗೆ ಬರುತ್ತಿದ್ದರು. ಹಾಗೆ ಬಂದವರಲ್ಲಿ ನೇಮಣ್ಣನೂ ಒಬ್ಬ. ಇಳಿದವನೇ ಗೋಪುರದ ಮೆಟ್ಟಿಲು ಹತ್ತಿ ಬಂದು, "ಯಾರು ಅಂತ ನೋಡಿ ಹೋಗೋಣಂತ ಬಂದೆ," ಅಂದ. ನೋಡಿದ. ಹೋಗಲಿಲ್ಲ. ಮುಂದಿನ ಮಾಘದಲ್ಲಿ ನಮ್ಮ ಮದುವೆಯಾಯಿತು.

ನಮ್ಮ ಮನೆಯವರ ಮೂಗು ದೊಡ್ಡದು, ನಡುವೆ ಒಂದು ದಿಣ್ಣೆ. ಅದು ನನ್ನ ಮೊದಲನೆಯ ಮೂಗು. ಅದರ ಬಗ್ಗೆ ನನಗೆ ಸಂಕೋಚವೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಮದುವೆಯಾದ ಎರಡನೆಯ ವರ್ಷ ಒಂದು ದೋಣಿಯ ಲಂಗರು ಹಗ್ಗ ಹರಿದು ಬೀಸಿ ನೇರ ನನ್ನ ಮುಖಕ್ಕೆ ಬಡಿಯಿತು. ಮೂಗು ಒಡೆದುಹೋಯಿತು. ಮುಖಶಾಲೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಮುಖಶಾಲೆಯೆಂದರೆ ಬಿಸಿಲಿಗೆ, ಧೂಳಿಗೆ ಕೆಟ್ಟ ಮುಖಗಳನ್ನು ರಿಪೇರಿ ಮಾಡುವ ಜಾಗ. ಅಲ್ಲಿನ ವೈದ್ಯರು ಪಟ್ಟಿ ಬಿಚ್ಚುತ್ತಾ, "ಮುರಿದದ್ದು ಕೂಡಿಸುವಾಗ ಸ್ವಲ್ಪ ಚೆಂದಾನೂ ಮಾಡೀನಿ," ಅಂದರು. ನಾನು ಚೆಂದ ಕೇಳಿರಲಿಲ್ಲ. ಆದರೆ ಕನ್ನಡಿಯಲ್ಲಿ ಕಂಡ ತೆಳ್ಳಗಿನ, ಚೂಪಾದ, ದಿಣ್ಣೆಯಿಲ್ಲದ ಆ ಎರಡನೆಯ ಮೂಗನ್ನು ನೋಡಿ ನನಗೂ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಓಣಿಯವರೆಲ್ಲ ಬಂದು ನೋಡಿದರು. ನಾದಿನಿ ಅನಂತಮತಿ ಗದ್ದ ಹಿಡಿದು ಅತ್ತ ಇತ್ತ ತಿರುಗಿಸಿ, "ನಿನ್ನ ಜೋಡಿ ಇನ್ನ ನಾ ಹೊರಗ ಬರಂಗಿಲ್ಲವ್ವಾ," ಅಂತ ನಕ್ಕಳು.

ಬಾವು ಇಳಿದ ಮೇಲೆ ಮಾತು ಕೆಟ್ಟಿದ್ದು ಗೊತ್ತಾಯಿತು. ಮೂಗಿಗೆ ಆಸರೆಯಾದ ಎಳೆ ಎಲುಬನ್ನು ಅತಿಯಾಗಿ ಕೆತ್ತಿದ್ದರಿಂದ, ಉಸಿರೆಳೆದಾಗ ಹೊಳ್ಳೆಗಳು ಒಳಕ್ಕೆ ಹೀರಿಕೊಂಡು ಮುಚ್ಚಿಕೊಳ್ಳುತ್ತಿದ್ದವು. ಒಳಗೆ ಗಾಯ ಮಾಯುವಾಗ ಗೋಡೆಗೆ ಗೋಡೆ ಅಂಟಿಕೊಂಡಿತ್ತು. ನೀವು ಮೂಗನ್ನು ಬಿಗಿಯಾಗಿ ಹಿಡಿದುಕೊಂಡು 'ಅಮ್ಮ' ಅಂದು ನೋಡಿ. ನಾನು ವರ್ಷಗಟ್ಟಲೆ ಹಾಗೇ ಮಾತಾಡಿದೆ. 'ಮ' ಹೋಗಿ 'ಬ' ಆಯಿತು, 'ನ' ಹೋಗಿ 'ದ' ಆಯಿತು. ಜಿನ್ನವ್ವ ಜಿದ್ದವ್ವಳಾದಳು. ನಿಮ್ಮ ಕಾಲಕ್ಕೂ ಹಿಂದೆ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವಂತೆ. ನಮ್ಮಲ್ಲಿ ಆ ಕಟ್ಟಳೆ ಎಂದೋ ಹೋಗಿದೆ. ಆದರೂ ನನ್ನ ಗಂಡನ ಹೆಸರು ನನ್ನ ಬಾಯಿಗೆ ಬರದಂತಾಯಿತು. ಒಂದು ದಿನ ಅಂಗಳದಿಂದ ಅವನನ್ನು ಕೂಗಿದೆ: "ದೇಬಡ್ಡಾ!" ಓಣಿಯ ಮಕ್ಕಳು ಬಿದ್ದು ಬಿದ್ದು ನಕ್ಕವು. ನೇಮಣ್ಣನೂ ನಕ್ಕ. ಒಳಗೆ ಬಂದು ನನ್ನ ಮುಖ ನೋಡಿದವನೇ ನಗು ನಿಲ್ಲಿಸಿದ.

"ನನಗ ತಿಳೀತದಲ್ಲ, ಅಷ್ಟು ಸಾಕು," ಅಂದ.

"ಗೋಪುರದವರಿಗೆ ಸಾಲದಲ್ಲ," ಅಂದೆ. ಸಾಲಲಿಲ್ಲ. 'ನಿಲ್ಲಿಸಿ' ಎಂಬುದು 'ದಿಲ್ಲಿಸಿ' ಎಂದು ಕೇಳಿದರೆ ಧೂಳಿನಲ್ಲಿರುವವರು ಏನು ಮಾಡಬೇಕು? ಹಿರಿಯರು ಬೈಯಲಿಲ್ಲ, ಬಹಳ ಮರ್ಯಾದೆಯಿಂದಲೇ ಬೇರೆಯವಳನ್ನು ಕಹಳೆಯ ಹಿಂದೆ ನಿಲ್ಲಿಸಿದರು. ನನಗೆ ಹಗ್ಗ ಹೊಸೆಯುವ ಕೆಲಸ ಸಿಕ್ಕಿತು.

ಆ ವರ್ಷದ ಕೊನೆಗೆ ನೇಮಣ್ಣ ಬೀಜದ ಮೂಟೆ ಹೇರಿಕೊಂಡು ಪಡುವಣಕ್ಕೆ ಹಾರಿದ. ಒಂದು ಕಾಲಕ್ಕೆ ಕಾರವಾರದ ಹಿಂದಿನ ಗುಡ್ಡವಾಗಿದ್ದು, ಈಗ ಕಡಲಿನ ನಡುವೆ ನಡುಗಡ್ಡೆಯಾಗಿರುವ ಊರೊಂದಿದೆ. ಅಲ್ಲಿ ಇಳಿಯುವಾಗ ಬಿರುಗಾಳಿ ದೋಣಿಯನ್ನು ಬಂಡೆಗೆ ಅಪ್ಪಳಿಸಿತು. ಅವನ ಬಲಗಾಲು ತೊಡೆಯಿಂದ ಮುರಿದು, ಸೊಟ್ಟಗೆ ಕೂಡಿಕೊಂಡಿತು. ಅದರ ಬೆನ್ನಿಗೇ ಮುಚ್ಚುಗಾಲ ಬಂತು. ಪಡುವಣದ ದಾರಿಗೆ ಅಡ್ಡವಾಗಿ ಧೂಳಿನ ಗೋಡೆ ವರ್ಷಗಟ್ಟಲೆ ಎದ್ದು ನಿಂತು, ಯಾವ ದೋಣಿಯೂ ದಾಟಲಾಗದ ಕಾಲ. ಗಾಳಿ ಸ್ವಲ್ಪ ತಗ್ಗಿದ ಸಂಜೆಗಳಲ್ಲಿ ರೇಡಿಯೋ ಮಾತ್ರ ಗೊರಗೊರ ಎನ್ನುತ್ತಾ ಆ ದಡವನ್ನು ಮುಟ್ಟುತ್ತಿತ್ತು. ಊರಿಗೆಲ್ಲ ಒಂದೇ ರೇಡಿಯೋ. ಪಾಳಿ ಬಂದಾಗ ನಾಲ್ಕು ಮಾತು.

ನನ್ನ ಮೊದಲ ಪಾಳಿಗೆ ತಲೆಗೆ ಎಣ್ಣೆ ಹಚ್ಚಿ, ಒಳ್ಳೆಯ ಸೀರೆ ಉಟ್ಟು ಹೋದೆ. ರೇಡಿಯೋದಲ್ಲಿ ಮುಖ ಕಾಣುವುದಿಲ್ಲವೆಂದು ಗೊತ್ತಿದ್ದೂ ಉಟ್ಟೆ. ಅವನ ಹೆಸರು ಹೇಳಿದೆ. ಕಾಲು ಹೇಗಿದೆ ಅಂತ ಕೇಳಿದೆ. ಮನೆಯಲ್ಲಿ ಎದುರಿಗೆ ಕೂತು ಅರ್ಥ ಮಾಡಿಕೊಳ್ಳುವುದು ಬೇರೆ, ಅಷ್ಟು ಸದ್ದಿನ ನಡುವೆ ಕೇಳಿಸಿಕೊಳ್ಳುವುದು ಬೇರೆ. ಆ ಕಡೆಯಿಂದ ಅವನ ಧ್ವನಿ ಬಂತು, ದೂರದಿಂದ, ಆದರೆ ಸ್ಪಷ್ಟವಾಗಿ: "ಯಾರ್ರೀ ಮಾತಾಡೋರು? ಏನೂ ತಿಳೀವಲ್ದು. ಸ್ವಲ್ಪ ಜಿನ್ನವ್ವನ್ನ ಕರೀರಿ."

ನಾನು ಎದ್ದು ಅನಂತಮತಿಗೆ ಜಾಗ ಬಿಟ್ಟುಕೊಟ್ಟೆ. ಆಮೇಲಿನ ಪಾಳಿಗಳಲ್ಲೆಲ್ಲ ಅವಳೇ ನನ್ನ ಮಾತು ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿಕೊಡುತ್ತಿದ್ದೆ. ತಂಗಿಯ ಬಾಯಿಂದ ಹೆಂಡತಿಯ ಮಾತು ಎಷ್ಟಂತ ಬಂದೀತು? ಉಂಡೆಯಾ, ಮಲಗಿದೆಯಾ, ಔಷಧಿ ಹಚ್ಚಿಕೊಂಡೆಯಾ. ಉಳಿದದ್ದು ನನ್ನಲ್ಲೇ ಉಳಿಯಿತು. ಒಂದು ಸಂಜೆ ಅವನು ಅವಳನ್ನು ತಡೆದು ಕೇಳಿದ: "ಅನೂ, ಖರೇ ಹೇಳು. ಆಕಿ ಇದ್ದಾಳಿಲ್ಲೋ?"

"ಇಲ್ಲೇ ಬಾಜೂಕ ಕೂತಾಳೋ ಅಣ್ಣಾ."

"ಕೂತಿದ್ರ ಒಂದು ಮಾತು ಆಡಂತ ಹೇಳು."

ನನಗೆ ಆಡಲಾಗಲಿಲ್ಲ. ಅಳುವಾಗ ಅಂಥ ಮೂಗು ಇನ್ನಷ್ಟು ಕಟ್ಟುತ್ತದೆ.

ಲಕ್ಕುಂಡಿಯಲ್ಲಿ ಡಾಕ್ಟರ್ ಹಲೀಮಾ ನದಾಫ ಎಂಬವರು ಕೆಟ್ಟ ಚಿಕಿತ್ಸೆಗಳನ್ನು ಮತ್ತೆ ಬಿಚ್ಚಿ ಸರಿಮಾಡುತ್ತಾರೆಂದು ಅನಂತಮತಿಯೇ ವಿಚಾರಿಸಿಕೊಂಡು ಬಂದಳು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು, ಧೂಳಿನ ಕೆಳಗಿನ ಸುರಂಗದ ದಾರಿಯಲ್ಲಿ ಇಬ್ಬರೂ ನಡೆದೆವು. ಹಲೀಮಾ ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ಒಳಗೆ ನೋಡಿದರು. ನನ್ನನ್ನು ಬೇಕಂತಲೇ ಮಾತಾಡಿಸಿದರು. ಆಮೇಲೆ ದೀಪ ಆರಿಸಿ ನೇರವಾಗಿ ಹೇಳಿದರು: "ಮೊದಲನೇ ಸಲ ಕತ್ತರಿಸೋದು ಸಸಾರ. ಎರಡನೇ ಸಲ ಒಳಗೆಲ್ಲ ಕಲೆಗಟ್ಟಿರ್ತದ, ಯಾವುದು ಎಲ್ಲೈತಿ ಅಂತ ಹುಡುಕಬೇಕಾಗ್ತದ. ಆಸರೆಗೆ ಇಲ್ಲೇನೂ ಉಳಿದಿಲ್ಲ. ನಿಮ್ಮ ಪಕ್ಕೆಲುಬಿನ ತುದಿಯ ಎಳೆ ಎಲುಬು ತೆಗೆದು ಕಟ್ಟಬೇಕು. ಉಸಿರು ಬರ್ತದ ಅಂತ ಹೇಳಬಲ್ಲೆ. ಧ್ವನಿ ಎಷ್ಟು ಬರ್ತದ, ಹೇಳಲಾರೆ. ಇದೂ ಕೆಟ್ಟರೆ ಮತ್ತ ಮೂರನೇ ಸಲ ಯಾರೂ ಕೈ ಹಚ್ಚಬಾರದು."

"ಚೆಂದ?" ಅಂತ ಅನಂತಮತಿ ಕೇಳಿದಳು.

"ಅದು ಹೋಗ್ತದ. ದಪ್ಪ ಆಗ್ತದ, ಸ್ವಲ್ಪ ಸೊಟ್ಟಾನೂ ಆಗಬಹುದು."

"ಹೋಗಲಿ," ಅಂದೆ. ಆ ಮಾತಿನಲ್ಲಿ ಅನುನಾಸಿಕವಿಲ್ಲ, ಸ್ಪಷ್ಟವಾಗಿಯೇ ಬಂತು.

ಎದೆಯ ಗಾಯ ಮೂಗಿನ ಗಾಯಕ್ಕಿಂತ ಹೆಚ್ಚು ನೋಯಿಸಿತು. ನಕ್ಕರೆ, ಕೆಮ್ಮಿದರೆ, ಮಗ್ಗುಲಾದರೆ ಪಕ್ಕೆ ಹಿಡಿದುಕೊಳ್ಳುತ್ತಿತ್ತು. ಮುಖ ಕುಂಬಳಕಾಯಿಯಾಗಿತ್ತು. ಬಾವು ಪೂರ್ತಿ ಇಳಿಯಲು ವರ್ಷವೇ ಬೇಕು, ಅವಸರಪಟ್ಟು ಯಾವ ತೀರ್ಮಾನಕ್ಕೂ ಬರಬೇಡಿ ಎಂದು ಹಲೀಮಾ ಡಾಕ್ಟರು ಮೊದಲೇ ಹೇಳಿದ್ದರು. ಒಳಗಿನ ತಡೆಬಟ್ಟೆ ತೆಗೆದ ದಿನ ಮೊದಲು ಬಂದದ್ದು ಧ್ವನಿಯಲ್ಲ, ವಾಸನೆ. ಯಾರದೋ ಮನೆಯಲ್ಲಿ ಜೋಳದ ರೊಟ್ಟಿ ಸುಡುತ್ತಿದ್ದರು. ಬಾಯಿ ಮುಚ್ಚಿ, ಮೂಗಿನಿಂದ ಆ ಗಾಳಿಯನ್ನು ಎದೆಯ ತಳದವರೆಗೆ ಎಳೆದುಕೊಂಡೆ. ಹೊಳ್ಳೆಗಳು ಮುಚ್ಚಿಕೊಳ್ಳಲಿಲ್ಲ. ಅನಂತಮತಿ, "ಏನರ ಅನ್ನು, ಅನ್ನು," ಎಂದು ಪೀಡಿಸಿದಳು. ನಾನು ಅನ್ನಲಿಲ್ಲ. ಅನ್ನಬೇಕಾದ ಮೊದಲ ಮಾತು ಯಾರಿಗೆ ಸೇರಿದ್ದೋ ಅವನು ಅಲ್ಲಿರಲಿಲ್ಲ.

ಪಾಳಿ ಬರುವಷ್ಟರಲ್ಲಿ ಕಾರ್ತಿಕವಾಗಿತ್ತು. ರೇಡಿಯೋದ ಮುಂದೆ ಕೂತೆ. ಅನಂತಮತಿ ನನ್ನ ಹಿಂದೆ ನಿಂತಿದ್ದಳು.

"ನೇಮಣ್ಣ," ಅಂದೆ. "ನಾನು. ನಾನಽ ಮಾತಾಡಾಕತ್ತೀನಿ."

ಗೊರಗೊರ ಸದ್ದು ಬಿಟ್ಟರೆ ಏನೂ ಇಲ್ಲ. ಸಂಪರ್ಕ ಕಡಿಯಿತೇನೋ ಅಂದುಕೊಂಡೆ. ಆಮೇಲೆ ಅವನು ಮೆಲ್ಲಗೆ ಕೇಳಿದ: "ಇನ್ನೊಮ್ಮೆ ಅನ್ನು."

ಇನ್ನೊಮ್ಮೆ ಅಂದೆ.

"ಮೊದಲಿನಂಗ ಇಲ್ಲ," ಅಂದ. ಅವನು ಎಂದೂ ಉಪಚಾರಕ್ಕೆ ಸುಳ್ಳು ಹೇಳಿದವನಲ್ಲ. "ದಪ್ಪ ಆಗೇದ. ಆದರ ನೀನಽ."

ನಿಜ. ಮೊದಲಿನ ಧ್ವನಿ ಬರಲಿಲ್ಲ. ಗಂಟೆಯಂಥ ಆ ಧ್ವನಿ ಹಗ್ಗದ ಏಟಿಗೆ ಹೋದದ್ದು ಹೋಯಿತು; ಈಗಲೂ ಕನಸಿನಲ್ಲಿ ಒಮ್ಮೊಮ್ಮೆ ಅದರಲ್ಲಿ ಮಾತಾಡುತ್ತೇನೆ. ಈಗಿನದು ಕೆಳದನಿ, ಸ್ವಲ್ಪ ಒರಟು. ಗೋಪುರದವರು ಪರೀಕ್ಷೆ ಮಾಡಿ ಮತ್ತೆ ಕರೆದರು, ವಾರಕ್ಕೆರಡು ದಿನ ಕಹಳೆಯ ಹಿಂದೆ ನಿಲ್ಲುತ್ತೇನೆ. ಮೂಗು ದಪ್ಪಗಿದೆ, ಎಡಕ್ಕೆ ವಾಲಿದೆ. ಅದನ್ನು ನೇಮಣ್ಣ ಇನ್ನೂ ನೋಡಿಲ್ಲ. ಹೇಗಿದೆ ಅಂತ ಒಮ್ಮೆ ಕೇಳಿದ. "ಬಂದು ನೋಡು," ಅಂದೆ. ಆ ಸೊಟ್ಟ ಕಾಲೂರಿ ಅವನು ಹಾಯಿ ಎಳೆಯಲಾರ, ಗಾಳಿದೋಣಿಯ ಕುಲುಕಾಟ ತಡೆಯಲಾರ. ಅಷ್ಟು ದೂರದ ಅವನ ಉಸಿರು ರೇಡಿಯೋದಲ್ಲಿ ಕೇಳುತ್ತಿತ್ತು. ಪಾಳಿ ಮುಗಿಯುವವರೆಗೂ ನಾವು ಮಾತೇ ಆಡಲಿಲ್ಲ. ಹಿಂದೆ ನಿಂತವರು ಯಾರೂ ಅವಸರಪಡಿಸಲಿಲ್ಲ.

ಹೀಗೆ ಆರು ಕಾರ್ತಿಕಗಳು ಕಳೆದವು. ಈಗ ಮುಚ್ಚುಗಾಲ ಸಡಿಲವಾಗುತ್ತಿದೆ. ಹೋದ ವಾರ ಮೊದಲ ಬಾರಿಗೆ ಗೋಪುರದಿಂದ ಪಡುವಣದ ಮೋಡದ ಅಂಚು ಕಂಡಿತು. ಒಂದೇ ಒಂದು ದೋಣಿ ಆ ನಡುಗಡ್ಡೆಗೆ ಪ್ರಯತ್ನಕ್ಕೆ ಹೊರಡುತ್ತದೆ, ಅದರಲ್ಲಿ ನಾನೂ ಹೋಗುತ್ತೇನೆ. ವಾಪಸು ಬರುವ ಭರವಸೆ ಯಾರೂ ಕೊಟ್ಟಿಲ್ಲ. ಮೇಲಿನ ತೆಳುಗಾಳಿಯಲ್ಲಿ ಮೂಗಿನಿಂದಲೇ ಉಸಿರಾಡಬೇಕಾದ ಧೂಳುಮುಸುಕು ಹಾಕಿಸಿ ನನ್ನನ್ನು ಪರೀಕ್ಷಿಸಿದರು, ಪಾಸಾದೆ. ಅನಂತಮತಿ ಎರಡು ದಿನ ಮಾತು ಬಿಟ್ಟಿದ್ದಳು. ನಿನ್ನೆ ಬಂದು ನನ್ನ ಗಂಟಿನಲ್ಲಿ ಅಣ್ಣನಿಗೆಂದು ಶೇಂಗಾ ಹೋಳಿಗೆ ಇಟ್ಟಳು. "ಅಂವಗ ಹೇಳು," ಎಂದು ಶುರುಮಾಡಿ, ಏನು ಹೇಳಬೇಕೆಂದು ಹೇಳದೆಯೇ ಹೋದಳು.

ಆ ನಡುಗಡ್ಡೆಯಲ್ಲಿ ಕರೆಗಾತಿಯರಿಲ್ಲ. ಹಳೆಯ ಹಡಗಿನ ಕೊಳವೆಯಿಂದ ಅವರೊಂದು ಕಹಳೆ ಮಾಡಿಕೊಂಡಿದ್ದಾರೆ. ನಮ್ಮ ದೋಣಿ ಬರುವ ದಿನ ಅದರ ಹಿಂದೆ ನೇಮಣ್ಣ ನಿಲ್ಲುತ್ತಾನೆ. ಈ ತಿಂಗಳಿಡೀ ನಾನು ರೇಡಿಯೋದಲ್ಲಿ ಅವನಿಗೆ ಕಲಿಸಿದ್ದು ಅದನ್ನೇ: ಮಾತು ಎಳೆಯಬೇಡ, ಹೆದರಿದ್ದು ಧ್ವನಿಯಲ್ಲಿ ತೋರಿಸಬೇಡ, ಕೆಮ್ಮು ಬಂದರೆ ಕಹಳೆಯಿಂದ ಮುಖ ಸರಿಸು. "ತಪ್ಪಿದರ?" ಅಂದ. "ತಪ್ಪಬ್ಯಾಡ," ಅಂದೆ.

ನಾಳೆ ಹೊರಡುತ್ತೇನೆ. ನಿಮ್ಮಲ್ಲಿ ನನ್ನದೊಂದು ಬೇಡಿಕೆಯಿದೆ. ಈ ಕಾಗದ ಓದಿದ ದಿನ, ನೀವಿರುವಲ್ಲಿ ಗಾಳಿ ಹೇಗೇ ಇರಲಿ, ಹೊರಗೆ ಬಂದು ಪಡುವಣಕ್ಕೆ ಮುಖಮಾಡಿ ನಿಂತು, ಜಿನ್ನವ್ವ ದಡ ಸೇರಲಿ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ. ನೀವು ಹೇಳಿದ್ದು ಇಲ್ಲಿಗೆ ಬಂದು ಮುಟ್ಟಲು ಇನ್ನೂರು ವರ್ಷ ಸಮಯವಿದೆ. ನಿಧಾನವಾಗಿ ಬಂದರೂ ಸಾಕಾಗುತ್ತದೆ.

ನಿಮ್ಮ,
ಜಿನ್ನವ್ವ